ಸಿಹಿನೀರಿನ ತಳದಲ್ಲಿ ಹಡಗುಗಳು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಉತ್ತರ ಅಮೆರಿಕದ ಸುಪೀರಿಯರ್, ಮಿಷಿಗನ್, ಹ್ಯೂರಾನ್, ಈರಿ ಮತ್ತು ಒಂಟಾರಿಯೊ ಸರೋವರಗಳ ತಳದಲ್ಲಿ ಮಲಗಿರುವ ಹಡಗುಗಳನ್ನು 1950–60ರ ದಶಕದ ಎರಡು ಕೊಳವೆಯ ಉಸಿರಾಟದ ಉಪಕರಣ ಧರಿಸಿ ನೋಡಿಬರುವವರ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಊರಿನಿಂದಲೂ, ಆ ಸರೋವರಗಳ ದಂಡೆಯಲ್ಲೇ ನೆಲೆಸಿರುವ ಕನ್ನಡಿಗರಿಂದಲೂ ಪತ್ರಗಳು ಬಂದಿವೆ. ಹಲವರು ಕೇಳಿದ್ದನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಕಡೆ ನೀರಿನಲ್ಲಿ ಬಿಟ್ಟ ಮರದ ದೋಣಿ ಕೆಲವೇ ಮಳೆಗಾಲಗಳಲ್ಲಿ ಹಾಳಾಗುತ್ತದೆ. ಅಲ್ಲಿ ನೂರು ವರ್ಷ ದಾಟಿದ ಮರದ ಹಡಗುಗಳು ಇದ್ದ ಹಾಗೇ ಇವೆ ಎಂದು ಬರೆದಿದ್ದೀರಿ. ಹೇಗೆ ಸಾಧ್ಯ?
— ಶಾಲಾ ಶಿಕ್ಷಕರು, ಕುಮಟಾ

ಉತ್ತರ: ಮರವನ್ನು ತಿನ್ನುವ ಜೀವಿ ಅಲ್ಲಿಲ್ಲ, ಅದೇ ಮುಖ್ಯ ಕಾರಣ. ಸಮುದ್ರದಲ್ಲಿ ಮರವನ್ನು ಒಳಗಿನಿಂದ ಕೊರೆದು ಟೊಳ್ಳು ಮಾಡುವ ಟೆರೆಡೊ ನೋಡಲು ಹುಳುವಿನಂತಿದ್ದರೂ ಚಿಪ್ಪುಜೀವಿಗಳ ಕುಲಕ್ಕೆ ಸೇರಿದ್ದು. ಅದು ಬದುಕಲು ಉಪ್ಪುನೀರು ಬೇಕು. ಗೋವಾದ ಸುಂಚಿ ಬಂಡೆಗಳ ಹತ್ತಿರ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಪೋರ್ಚುಗೀಸರ ಕಾಲದ ಹಡಗೊಂದರ ಜಾಗವನ್ನು ಶೋಧಿಸಿದಾಗ ಫಿರಂಗಿ, ಆನೆದಂತ, ನೀರಾನೆಯ ಹಲ್ಲು, ಜಾಡಿಗಳ ಚೂರು ಸಿಕ್ಕವು. ನಮ್ಮ ಬೆಚ್ಚನೆಯ ಸಮುದ್ರದಲ್ಲಿ ಸಾಮಾನ್ಯವಾಗಿ ಉಳಿಯುವುದು ಇಂಥವೇ: ಲೋಹ, ದಂತ, ಸುಟ್ಟ ಮಣ್ಣು.

ಎರಡನೆಯದು ಚಳಿ. ಸಿಹಿನೀರು ಅತ್ಯಂತ ಭಾರವಾಗುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹೀಗಾಗಿ ಬೇಸಿಗೆಯಲ್ಲಿ ಮೇಲ್ಪದರ ಈಜುವಷ್ಟು ಬೆಚ್ಚಗಾದರೂ ಆಳದ ನೀರು ವರ್ಷವಿಡೀ 4 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಆ ಚಳಿಗೆ ಕೊಳೆಸುವ ಸೂಕ್ಷ್ಮಜೀವಿಗಳ ಕೆಲಸ ಬಹಳ ನಿಧಾನ. ಮೂರನೆಯದು ಆಳ. ದಂಡೆಯ ಹತ್ತಿರ ಅಲೆ ಮತ್ತು ಮಂಜುಗಡ್ಡೆ ಹಡಗನ್ನು ಚೂರು ಮಾಡುತ್ತವೆ; ಆಳದಲ್ಲಿ ಆ ಕಾಟವಿಲ್ಲ.

ರೌಸ್ ಸಿಮನ್ಸ್ ಎಂಬ ಮೂರು ಕಂಬದ ಹಾಯಿಹಡಗು 1912ರ ನವೆಂಬರಿನಲ್ಲಿ ಕ್ರಿಸ್‌ಮಸ್ ಮರಗಳನ್ನು ಹೇರಿಕೊಂಡು ಷಿಕಾಗೊ ಕಡೆ ಹೊರಟು ಬಿರುಗಾಳಿಗೆ ಸಿಕ್ಕಿ ಮಿಷಿಗನ್ ಸರೋವರದಲ್ಲಿ ಮುಳುಗಿತು. 1971ರಲ್ಲಿ ಡೈವರ್ ಒಬ್ಬರು ಅದನ್ನು ಸುಮಾರು 165 ಅಡಿ ಆಳದಲ್ಲಿ ಪತ್ತೆಹಚ್ಚಿದಾಗ ಆ ಮರಗಳು ಇನ್ನೂ ಹಡಗಿನ ಒಡಲಲ್ಲೇ ಇದ್ದವು.

ಪ್ರಶ್ನೆ: ಹಳೆಯ ಚಿತ್ರಗಳಲ್ಲಿ ಡೈವರ್‌ಗಳ ಬಾಯಿಂದ ಎರಡು ದಪ್ಪ ಕೊಳವೆಗಳು ಬೆನ್ನಿಗೆ ಹೋಗಿರುತ್ತವೆ. ಈಗಿನವರಿಗೆ ಒಂದೇ ಸಣ್ಣ ಕೊಳವೆ. ಆಗ ಎರಡು ಯಾಕೆ ಬೇಕಿತ್ತು?
— ಭೌತಶಾಸ್ತ್ರ ವಿದ್ಯಾರ್ಥಿನಿ, ಮೈಸೂರು

ಉತ್ತರ: ಬಲಗಡೆಯ ಕೊಳವೆ ಗಾಳಿ ತರುತ್ತದೆ, ಎಡಗಡೆಯದು ಬಿಟ್ಟ ಉಸಿರನ್ನು ಬೆನ್ನಿನ ಹಿಂದಕ್ಕೆ ಒಯ್ಯುತ್ತದೆ. ಬಿಟ್ಟ ಉಸಿರನ್ನು ಬಾಯಿಯ ಹತ್ತಿರವೇ ಹೊರಬಿಟ್ಟರೆ ಆಗದೆ ಎಂದು ನೀವು ಕೇಳಬಹುದು. ಈ ಯಂತ್ರ ಕಟ್ಟಿದವರೂ ಮೊದಲು ಹಾಗೇ ಮಾಡಿದ್ದರು.

ಎಮಿಲ್ ಗಾನ್ಯಾನ್ ಪ್ಯಾರಿಸ್‌ನ ಏರ್ ಲಿಕ್ವಿಡ್ ಕಂಪನಿಯ ಎಂಜಿನಿಯರ್. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಕಾರುಗಳನ್ನು ಅನಿಲದಿಂದ ಓಡಿಸಬೇಕಾಗಿ ಬಂದಾಗ, ಎಂಜಿನ್ ಎಳೆದಷ್ಟೇ ಅನಿಲ ಬಿಡುವ ಕವಾಟವೊಂದನ್ನು ಮಾಡಿದ್ದರು. ನೌಕಾಪಡೆಯ ಅಧಿಕಾರಿ ಜಾಕ್ ಕೂಸ್ಟೊಗೆ ಬೇಕಿದ್ದದ್ದೂ ಅಂಥದ್ದೇ. ಎಂಜಿನ್ ಬದಲು ಮನುಷ್ಯನ ಶ್ವಾಸಕೋಶ, ಅಷ್ಟೇ ವ್ಯತ್ಯಾಸ. 1943ರ ಮೊದಲ ಪರೀಕ್ಷೆ ನಡೆದದ್ದು ಸಿಹಿನೀರಿನಲ್ಲೇ, ಪ್ಯಾರಿಸ್ ಹತ್ತಿರದ ಮಾರ್ನ್ ನದಿಯ ಕೊರೆಯುವ ಚಳಿಯಲ್ಲಿ. ಅಡ್ಡಡ್ಡ ಈಜುವಾಗ ಉಸಿರು ಸರಾಗವಾಗಿ ಬಂತು. ನೆಟ್ಟಗೆ ನಿಂತರೆ ಗಾಳಿ ತಾನಾಗಿ ನುಗ್ಗಿ ಪೋಲಾಯಿತು. ತಲೆಕೆಳಗಾದರೆ ಉಸಿರೆಳೆಯುವುದೇ ಕಷ್ಟವಾಯಿತು.

ಕಾರಣ ನಿಮ್ಮ ಪಠ್ಯಪುಸ್ತಕದಲ್ಲೇ ಇದೆ. ನೀರಿನೊಳಗೆ ಒಂದೊಂದು ಅಂಗುಲ ಆಳಕ್ಕೂ ಒತ್ತಡ ಬದಲಾಗುತ್ತದೆ. ಗಾಳಿ ಬಿಡುವ ಪೊರೆ ಬೆನ್ನ ಮೇಲಿತ್ತು, ಉಸಿರು ಹೊರಹೋಗುವ ಬಾಯಿ ಬೇರೆ ಕಡೆ ಇತ್ತು. ದೇಹ ತಿರುಗಿದಾಗ ಒಂದು ಮೇಲೆ, ಒಂದು ಕೆಳಗೆ ಆಗಿ ಎರಡರ ನಡುವೆ ಒತ್ತಡದ ವ್ಯತ್ಯಾಸ ಹುಟ್ಟುತ್ತಿತ್ತು. ಇಬ್ಬರೂ ಸೇರಿ ಉಸಿರಿನ ದಾರಿಯನ್ನು ಬೆನ್ನಿಗೆ ಒಯ್ದು ಪೊರೆಯ ಪಕ್ಕದಲ್ಲೇ ತೆರೆದರು. ದೇಹ ಹೇಗೆ ತಿರುಗಿದರೂ ಎರಡೂ ಒಂದೇ ಮಟ್ಟದಲ್ಲಿ ಉಳಿದವು, ತೊಂದರೆ ತೀರಿತು. ಎರಡನೆಯ ಕೊಳವೆ ಬಂದದ್ದು ಹೀಗೆ.

ಆಸ್ಟ್ರೇಲಿಯಾದ ಟೆಡ್ ಎಲ್ಡ್ರೆಡ್ 1952ರಲ್ಲಿ ಮಾರುಕಟ್ಟೆಗೆ ತಂದ ಪಾರ್ಪಸ್ ಉಪಕರಣದಲ್ಲಿ ಪೊರೆಯನ್ನೇ ಬಾಯಿಯ ಹತ್ತಿರಕ್ಕೆ ತಂದರು. ಈಗ ಎಲ್ಲರೂ ಬಳಸುವ ಒಂಟಿ ಕೊಳವೆಯ ಮಾದರಿ ಅದೇ ದಾರಿಯದು. ಆದರೆ ಎರಡು ಕೊಳವೆಯಲ್ಲಿ ಗುಳ್ಳೆಗಳು ತಲೆಯ ಹಿಂದಿನಿಂದ ಏಳುವುದರಿಂದ ಮುಖದ ಮುಂದೆ ನೋಟ ತಿಳಿಯಾಗಿರುತ್ತದೆ, ಕಿವಿಯ ಹತ್ತಿರ ಗಲಾಟೆಯೂ ಕಡಿಮೆ. ಛಾಯಾಗ್ರಾಹಕರು ಅದನ್ನು ಬಹುಕಾಲ ಬಿಟ್ಟುಕೊಡಲಿಲ್ಲ.

ಪ್ರಶ್ನೆ: ಇಲ್ಲಿ ಒಂದು ಮನೆಯ ಗ್ಯಾರೇಜ್ ಸೇಲ್‌ನಲ್ಲಿ ಹಳೆಯ ಅಕ್ವಾ ಮಾಸ್ಟರ್ ರೆಗ್ಯುಲೇಟರ್, ಜೊತೆಗೆ ಒಂದು ಸಿಲಿಂಡರ್ ಕಡಿಮೆ ಬೆಲೆಗೆ ಸಿಕ್ಕಿತು. ನನಗೆ ಡೈವಿಂಗ್ ಸರ್ಟಿಫಿಕೇಟ್ ಇದೆ. ಈ ವಾರಾಂತ್ಯವೇ ನೀರಿಗಿಳಿಯಬಹುದೆ?
— ಸಾಫ್ಟ್‌ವೇರ್ ಎಂಜಿನಿಯರ್, ಷಿಕಾಗೊ

ಉತ್ತರ: ಬೇಡ. ಈ ವಾರಾಂತ್ಯ ಅದನ್ನು ಮೇಜಿನ ಮೇಲಿಟ್ಟು ಪರೀಕ್ಷಿಸಿ, ಸಾಕು.

ಹೊರಗಿನ ಡಬ್ಬಿ ಕ್ರೋಮ್ ಲೇಪಿಸಿದ ಹಿತ್ತಾಳೆ. ಅದಕ್ಕೆ ವಯಸ್ಸಾಗುವುದಿಲ್ಲ ಎಂದರೂ ನಡೆಯುತ್ತದೆ. ವಯಸ್ಸಾಗುವುದು ರಬ್ಬರಿಗೆ. ಕೊಳವೆಯನ್ನು ದೀಪದ ಕೆಳಗೆ ಹಿಡಿದು ಎರಡೂ ಕೈಯಿಂದ ಮೆಲ್ಲಗೆ ಎಳೆಯಿರಿ. ಸುಕ್ಕುಗಳು ಬಿಡಿಸಿಕೊಂಡಾಗ ಅವುಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಆ ಕೊಳವೆ ಕೆಲಸಕ್ಕೆ ಬರುವುದಿಲ್ಲ. ಡಬ್ಬಿ ಬಿಚ್ಚಿದರೆ ಬಾತುಕೋಳಿಯ ಕೊಕ್ಕಿನ ಆಕಾರದ ಚಪ್ಪಟೆ ರಬ್ಬರ್ ಕವಾಟ ಸಿಗುತ್ತದೆ. ಬಿಟ್ಟ ಉಸಿರು ಹೊರಹೋಗುವುದು ಅದರಿಂದ. ಹಳೆಯದರಲ್ಲಿ ಅದರ ತುಟಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಇಲ್ಲವೆ ಗಟ್ಟಿಯಾಗಿ ತೆರೆದೇ ನಿಂತಿರುತ್ತವೆ. ಪೊರೆ, ಈ ಕವಾಟ, ಓ-ರಿಂಗ್‌ಗಳು, ಕೊಳವೆ, ಬಾಯಿತುಂಡು ಎಲ್ಲವನ್ನೂ ಹೊಸದು ಹಾಕಿಸಿ. ಸಿಲಿಕೋನಿನಲ್ಲಿ ಹೊಸದಾಗಿ ಮಾಡಿದ ಭಾಗಗಳು ಸಿಗುತ್ತವೆ. ಒಳಗಿನ ಒತ್ತಡವನ್ನು ಹೊಂದಿಸುವ ಕೆಲಸ ಮಾತ್ರ ಹಳೆಯ ರೆಗ್ಯುಲೇಟರ್ ಬಲ್ಲ ಮೆಕ್ಯಾನಿಕ್‌ನದು.

ಜೋಡಿಸಿದ ಮೇಲೆ ಗಾಳಿ ಒಳಬರುವ ಬಾಯಿಯನ್ನು ಬಿಗಿಯಾಗಿ ಮುಚ್ಚಿ ಉಸಿರೆಳೆದು ನೋಡಿ. ಎಳೆದಷ್ಟೂ ಗಾಳಿ ಬರಬಾರದು. ಸ್ವಲ್ಪ ಬಂದರೂ ಎಲ್ಲೋ ಸೋರಿಕೆಯಿದೆ. ಅದೇ ದಾರಿಯಲ್ಲಿ ನೀರೂ ಬರುತ್ತದೆ.

ಸಿಲಿಂಡರಿನ ಮಾತು ಇನ್ನೂ ಗಂಭೀರ. ಉಕ್ಕಿನದಾದರೆ ಹಳೆಯದೆಂದು ಹೆದರಬೇಕಿಲ್ಲ, ಒಳಗೆ ತುಕ್ಕು ಹಿಡಿಯದಿದ್ದರೆ ದಶಕಗಳ ಕಾಲ ಬಾಳುತ್ತದೆ. ಆದರೆ ಅಮೆರಿಕದ ನಿಯಮದಂತೆ ಐದು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಆಗಲೇಬೇಕು. ಒಳಭಾಗವನ್ನು ವರ್ಷಕ್ಕೊಮ್ಮೆ ಕಣ್ಣಿಟ್ಟು ನೋಡಿಸುವುದೂ ಡೈವಿಂಗ್ ಅಂಗಡಿಗಳಲ್ಲಿ ನಡೆದುಬಂದ ಪದ್ಧತಿ. ಅಲ್ಯೂಮಿನಿಯಂ ಸಿಲಿಂಡರ್ ಆಗಿದ್ದು 1988ಕ್ಕಿಂತ ಹಿಂದಿನದಾದರೆ ಅದು 6351 ಎಂಬ ಮಿಶ್ರಲೋಹದ್ದಿರಬಹುದು. ಆ ಲೋಹಕ್ಕೆ ಕುತ್ತಿಗೆಯ ಭಾಗದಲ್ಲಿ ಬಿರುಕು ಬಿಡುವ ದೋಷವಿದೆ, ಗಾಳಿ ತುಂಬುವಾಗ ಒಡೆದ ಪ್ರಕರಣಗಳೂ ಇವೆ. ಅಂಥದನ್ನು ಬಳಕೆಯಿಂದ ತೆಗೆದುಬಿಡಿ.

ಪ್ರಶ್ನೆ: 4 ಡಿಗ್ರಿ ನೀರಿನಲ್ಲಿ ಹೊಸ ರೆಗ್ಯುಲೇಟರ್‌ಗಳೇ ಹೆಪ್ಪುಗಟ್ಟುತ್ತವಂತೆ. ಹಳೆಯದನ್ನು ನಂಬುವುದು ಹೇಗೆ?
— ಮಿಲ್ವಾಕಿಯ ಓದುಗರು

ಉತ್ತರ: ಈ ಒಂದು ವಿಷಯದಲ್ಲಿ ಹಳೆಯ ವಿನ್ಯಾಸಕ್ಕೆ ಹುಟ್ಟಿನಿಂದಲೇ ಅನುಕೂಲವಿದೆ. ಹೆಚ್ಚಿನ ಒತ್ತಡದ ಗಾಳಿ ಒಮ್ಮೆಗೇ ಹಿಗ್ಗಿದಾಗ ತಣ್ಣಗಾಗುತ್ತದೆ. ಸುತ್ತಲಿನ ನೀರು 4 ಡಿಗ್ರಿ ಇದ್ದರೂ ಕವಾಟದೊಳಗೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಒಂಟಿ ಕೊಳವೆಯ ರೆಗ್ಯುಲೇಟರ್‌ನಲ್ಲಿ ನಾವು ಬಿಡುವ ತೇವದ ಉಸಿರು ಬಾಯಿಯ ಹತ್ತಿರದ ಕವಾಟದ ಪಕ್ಕದಲ್ಲೇ ಹಾದುಹೋಗುತ್ತದೆ. ಆ ತೇವವೇ ಮಂಜಾಗಿ ಕವಾಟ ತೆರೆದೇ ನಿಂತುಬಿಟ್ಟರೆ ಗಾಳಿ ಸುರಿದುಹೋಗುತ್ತದೆ. ಎರಡು ಕೊಳವೆಯದರಲ್ಲಿ ಬಿಟ್ಟ ಉಸಿರಿನ ದಾರಿಯೇ ಬೇರೆ, ಅದು ಕವಾಟವನ್ನು ಮುಟ್ಟುವುದಿಲ್ಲ. ಅಂಟಾರ್ಕ್ಟಿಕಾದಲ್ಲಿ ಮಂಜಿನಡಿ ಕೆಲಸ ಮಾಡಿದ ಅಮೆರಿಕದ ವಿಜ್ಞಾನಿಗಳು ರಾಯಲ್ ಅಕ್ವಾ ಮಾಸ್ಟರ್ ಅನ್ನು ದೀರ್ಘಕಾಲ ಬಳಸಿದ್ದು ಇದಕ್ಕಾಗಿಯೇ.

ಆದರೂ ಎಚ್ಚರ ಬಿಡಬೇಡಿ. ಸಿಲಿಂಡರಿನ ಗಾಳಿ ಪೂರ್ತಿ ಒಣಗಿರಬೇಕು. ದಂಡೆಯ ಚಳಿಗಾಳಿಯಲ್ಲಿ ನಿಂತು ಮತ್ತೆ ಮತ್ತೆ ಉಸಿರೆಳೆದು ಪರೀಕ್ಷಿಸಬಾರದು. ಹೆಪ್ಪುಗಟ್ಟುವಿಕೆ ಅಲ್ಲೇ ಶುರುವಾಗಬಹುದು.

ಪ್ರಶ್ನೆ: ನಾನು ನೇತ್ರಾಣಿಯಲ್ಲಿ ಡೈವಿಂಗ್ ಕಲಿತವನು. ಮುಂದಿನ ವರ್ಷ ಮಿಷಿಗನ್‌ನಲ್ಲಿರುವ ಅಣ್ಣನ ಮನೆಗೆ ಹೋಗುತ್ತಿದ್ದೇನೆ. ಅಲ್ಲಿ ಹಳೆಯ ಉಪಕರಣದಲ್ಲಿ ಇಳಿಯಬೇಕೆಂದರೆ ನಾನು ಹೊಸದಾಗಿ ಕಲಿಯಬೇಕಾದ್ದೇನು?
— ಹೊನ್ನಾವರದ ಯುವಕ

ಉತ್ತರ: ಮೊದಲು ಚಳಿಯಲ್ಲಿ ಡೈವ್ ಮಾಡುವುದನ್ನು ಕಲಿಯಿರಿ, ಆಮೇಲೆ ಹಳೆಯ ಉಪಕರಣ. ಎರಡನ್ನೂ ಒಂದೇ ದಿನ ಶುರು ಮಾಡಬೇಡಿ. ನೇತ್ರಾಣಿಯ ತೆಳು ಉಡುಪು ಅಲ್ಲಿ ಸಾಲದು. ದಪ್ಪ ನಿಯೋಪ್ರೀನ್ ಅಥವಾ ಒಣ ಉಡುಪು, ತಲೆಗವಸು, ಕೈಗವಸು ಬೇಕು.

ಸೀಸದ ಲೆಕ್ಕವೂ ಬದಲಾಗುತ್ತದೆ. ಸಿಹಿನೀರು ಸಮುದ್ರದ ನೀರಿಗಿಂತ ಶೇ. 2.5ರಷ್ಟು ಹಗುರ. ಉಪಕರಣ ಸೇರಿ 100 ಕಿಲೊ ತೂಗುವವರಿಗೆ, ಉಡುಪು ಅದೇ ಇದ್ದರೆ, ಸುಮಾರು ಎರಡೂವರೆ ಕಿಲೊ ಸೀಸ ಕಡಿಮೆ ಸಾಕು. ಆದರೆ ದಪ್ಪ ಉಡುಪು ತೇಲಿಸುವುದರಿಂದ ಕೊನೆಗೆ ಬೆಲ್ಟ್ ಭಾರವೇ ಆಗುತ್ತದೆ. ಹಳೆಯ ಪದ್ಧತಿಯಲ್ಲಿ ಗಾಳಿ ತುಂಬಿಸಿ ತೇಲುವ ಜಾಕೆಟ್ ಇರಲಿಲ್ಲ. ಆಳಕ್ಕಿಳಿದಂತೆ ನಿಯೋಪ್ರೀನ್ ಕುಗ್ಗಿ ತೇಲುವ ಶಕ್ತಿ ಕಳೆದುಕೊಳ್ಳುತ್ತದೆ, ನೀವು ಭಾರವಾಗುತ್ತೀರಿ. ಆಗ ನೆರವಿಗಿರುವುದು ಉಸಿರು ಮತ್ತು ಕಾಲುಗಳ ಹುಟ್ಟು ಮಾತ್ರ. ಈಜುಕೊಳದಲ್ಲಿ ಇದು ಕೈವಶವಾಗುವವರೆಗೆ ಸರೋವರಕ್ಕೆ ಹೋಗಬೇಡಿ.

ಬಾಯಿತುಂಡು ಕಳಚಿ ಕೊಳವೆಗೆ ನೀರು ತುಂಬಿದರೆ ಎಡಮಗ್ಗುಲಿಗೆ ಹೊರಳಿ ಜೋರಾಗಿ ಊದಬೇಕು. ನೀರು ಎಡಗೊಳವೆಗೆ ಇಳಿದು ಹಿಂದಿನಿಂದ ಹೊರಹೋಗುತ್ತದೆ. ಇದು ಯೋಚಿಸದೆ ಆಗುವಷ್ಟು ರೂಢಿಯಾಗಬೇಕು.

ಇನ್ನು ಗಾಳಿ ಮುಗಿಯುವ ವಿಷಯ. ಅಂದು ಒತ್ತಡ ತೋರಿಸುವ ಮೀಟರ್ ಸಾಮಾನ್ಯವಾಗಿರಲಿಲ್ಲ. ಸಿಲಿಂಡರಿನ ಜೆ-ವಾಲ್ವ್‌ನಲ್ಲಿರುವ ಸ್ಪ್ರಿಂಗ್, ಒತ್ತಡ ಸುಮಾರು 300 ಪಿಎಸ್‌ಐಗೆ ಇಳಿದಾಗ ಗಾಳಿಯನ್ನು ತಡೆಯುತ್ತಿತ್ತು. ಉಸಿರು ಬಿಗಿಯಾದಾಗ ಬೆನ್ನ ಪಕ್ಕದ ಸರಳನ್ನು ಕೆಳಗೆಳೆದು ಉಳಿದ ಗಾಳಿಯಲ್ಲಿ ಮೇಲೆ ಬರಬೇಕಿತ್ತು. ಆ ಸರಳು ಎಲ್ಲಾದರೂ ತಾಗಿ ಮೊದಲೇ ಕೆಳಗಿಳಿದಿದ್ದರೆ ಮುನ್ನೆಚ್ಚರಿಕೆಯೇ ಸಿಗದು. ಹಳೆಯ ಉಪಕರಣದ ಮೇಲೆ ನನಗೆಷ್ಟು ಪ್ರೀತಿಯಿದ್ದರೂ ಈ ಭಾಗದಲ್ಲಿ ರಾಜಿಯಿಲ್ಲ: ಮೀಟರ್ ಹಾಕಿಸಿ, ಆಧುನಿಕ ರೆಗ್ಯುಲೇಟರ್ ಇರುವ ಪ್ರತ್ಯೇಕ ಸಣ್ಣ ಸಿಲಿಂಡರ್ ಒಯ್ಯಿರಿ, ಜೊತೆಗಾರರಿಲ್ಲದೆ ಇಳಿಯಬೇಡಿ, ಹಡಗಿನ ಒಳಗೆ ನುಗ್ಗಬೇಡಿ. ಬೆನ್ನಿನಿಂದ ಹೊರಚಾಚಿದ ಎರಡು ರಬ್ಬರ್ ಕೊಳವೆಗಳು ಇಕ್ಕಟ್ಟಾದ ಬಾಗಿಲಿಗೆ ಹೇಳಿಸಿದವಲ್ಲ.

ಪ್ರಶ್ನೆ: ಮೊದಲ ಸಲಕ್ಕೆ ತಕ್ಕ ಹಡಗು ಯಾವುದು? ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ನೋಡಬಹುದೆ?
— ಟೊರಾಂಟೊದ ದಂಪತಿ

ಉತ್ತರ: ನಿಮ್ಮ ಪ್ರಾಂತ್ಯದಲ್ಲೇ ಇದೆ. ಟೋಬರ್ಮೊರಿಯ ಫ್ಯಾದಮ್ ಫೈವ್ ರಾಷ್ಟ್ರೀಯ ಸಾಗರ ಉದ್ಯಾನದ ಸ್ವೀಪ್‌ಸ್ಟೇಕ್ಸ್ 1867ರಲ್ಲಿ ಕಟ್ಟಿದ, 1885ರಲ್ಲಿ ಮುಳುಗಿದ ಎರಡು ಕಂಬದ ಹಾಯಿಹಡಗು. ಗಾಳಿಯಿಂದ ಮರೆಯಾದ ಬಂದರಿನಲ್ಲಿ ಸುಮಾರು 20 ಅಡಿ ಆಳದಲ್ಲಿದೆ. ಉದ್ಯಾನದ ಕಚೇರಿಯಲ್ಲಿ ನೋಂದಣಿ ಮಾಡಿಸಿಕೊಂಡೇ ಇಳಿಯಬೇಕು.

ಅದಾದ ಮೇಲೆ ಸುಪೀರಿಯರ್ ಸರೋವರದ ಐಲ್ ರಾಯಲ್ ದ್ವೀಪದ ಅಮೆರಿಕಾ. 1928ರ ಜೂನ್‌ನಲ್ಲಿ ಬಂಡೆಗೆ ಬಡಿದು ಮುಳುಗಿದ ಪ್ರಯಾಣಿಕ ಹಡಗು ಇದು, ಜನರೆಲ್ಲ ಬದುಕುಳಿದರು. ಇಳಿಜಾರಿನಲ್ಲಿ ಒರಗಿರುವುದರಿಂದ ಮುಂತುದಿ ಮೇಲ್ಮೈಗೆ ಕೆಲವೇ ಅಡಿ ಕೆಳಗಿದೆ, ಹಿಂತುದಿ 80 ಅಡಿಯಲ್ಲಿ. ನಿಮ್ಮ ಅನುಭವಕ್ಕೆ ತಕ್ಕಷ್ಟು ಆಳವನ್ನು ನೀವೇ ಆರಿಸಿಕೊಳ್ಳಬಹುದು.

ಫಿಟ್ಜ್‌ಜೆರಾಲ್ಡ್ ಬೇಡ. 1975ರ ನವೆಂಬರ್ 10ರಂದು 29 ಜನರೊಂದಿಗೆ ಮುಳುಗಿದ ಆ ಹಡಗು 530 ಅಡಿ ಆಳದಲ್ಲಿದೆ. ಹವ್ಯಾಸಿಗಳ ಮಿತಿ 130 ಅಡಿ. ಆಳಕ್ಕಿಂತ ದೊಡ್ಡ ಮಾತು, ಆ 29 ಜನರಲ್ಲಿ ಒಬ್ಬರ ದೇಹವನ್ನೂ ಮೇಲೆ ತರಲಾಗಿಲ್ಲ. ಅದು ಸಮಾಧಿ. ಒಂಟಾರಿಯೊದ ಕಾನೂನು ಅನುಮತಿಯಿಲ್ಲದೆ ಅಲ್ಲಿ ಇಳಿಯಲು ಬಿಡುವುದಿಲ್ಲ.

ಪ್ರಶ್ನೆ: ತಳದಲ್ಲಿ ಬಿದ್ದಿರುವ ತಟ್ಟೆ, ಲಾಟೀನು ಯಾರಿಗೂ ಉಪಯೋಗವಿಲ್ಲದೆ ಹಾಳಾಗುವ ಬದಲು ಮೇಲೆ ತಂದು ಜೋಪಾನ ಮಾಡಿದರೆ ತಪ್ಪೇನು? ನಾನು ಹಳೆಯ ವಸ್ತುಗಳ ಸಂಗ್ರಾಹಕ.
— ಬಸವನಗುಡಿ, ಬೆಂಗಳೂರು

ಉತ್ತರ: ಅವು ಅಲ್ಲಿ ಹಾಳಾಗುತ್ತಿಲ್ಲ. ಮೇಲೆ ತಂದರೆ ಹಾಳಾಗುತ್ತವೆ. ಇದಕ್ಕೆ ಆಲ್ವಿನ್ ಕ್ಲಾರ್ಕ್ ಹಡಗಿಗಿಂತ ದೊಡ್ಡ ಸಾಕ್ಷಿ ಬೇಡ.

1864ರಲ್ಲಿ ಮಿಷಿಗನ್ ಸರೋವರದ ಗ್ರೀನ್ ಬೇಯಲ್ಲಿ ಮುಳುಗಿದ ಹಾಯಿಹಡಗು ಅದು. ಮೀನುಗಾರರ ಬಲೆ ಅದಕ್ಕೆ ಸಿಕ್ಕಿಕೊಂಡಿತ್ತು. 1967ರಲ್ಲಿ ಆ ಬಲೆ ಬಿಡಿಸಲು ಇಳಿದ ಡೈವರ್ ಫ್ರಾಂಕ್ ಹಾಫ್‌ಮನ್‌ಗೆ ಹಡಗು ಸಿಕ್ಕಿತು. ಅವರೂ ಜೊತೆಗಾರರೂ ವರ್ಷಗಟ್ಟಲೆ ಹೂಳು ತೆಗೆದು 1969ರಲ್ಲಿ ಇಡೀ ಹಡಗನ್ನು ಮೇಲೆತ್ತಿದರು. ನೂರೈದು ವರ್ಷ ನೀರಿನಲ್ಲಿದ್ದ ಹಡಗು ಮತ್ತೆ ತನ್ನಷ್ಟಕ್ಕೆ ತೇಲಿತು! ನಾವಿಕರ ಸಾಮಾನುಗಳು ಒಳಗೆ ಹಾಗೇ ಇದ್ದವು. ಜನ ಸಾಲುಗಟ್ಟಿ ನೋಡಿದರು.

ಆದರೆ ನೀರು ಕುಡಿದ ಮರ ಒಣಗಿದಂತೆ ಅದರ ಜೀವಕೋಶಗಳು ಕುಸಿದು ಸೀಳುತ್ತದೆ. ಅದನ್ನು ತಡೆಯಲು ವರ್ಷಾನುಗಟ್ಟಲೆ ರಾಸಾಯನಿಕ ಉಣಿಸಬೇಕು, ಕಟ್ಟಡದೊಳಗೆ ಕಾಪಾಡಬೇಕು. 1628ರಲ್ಲಿ ಮುಳುಗಿ 1961ರಲ್ಲಿ ಮೇಲೆದ್ದ ಸ್ವೀಡನ್ನಿನ ವಾಸಾ ಹಡಗಿಗೆ ಒಂದು ದೇಶವೇ ಬೆನ್ನಿಗಿತ್ತು. 17 ವರ್ಷ ಪಾಲಿಎಥಿಲೀನ್ ಗ್ಲೈಕಾಲ್ ಸಿಂಪಡಿಸಿದರು. ಆಲ್ವಿನ್ ಕ್ಲಾರ್ಕ್‌ಗೆ ಅಂಥ ಹಣ ಒದಗಲಿಲ್ಲ. ಬಿಸಿಲು ಮಳೆಗೆ ಕೊಳೆತು, 1994ರಲ್ಲಿ ಅದನ್ನು ಒಡೆದುಹಾಕಿದರು. ನೀರು ಒಂದು ಶತಮಾನ ಕಾಪಾಡಿದ್ದನ್ನು ನೆಲ 25 ವರ್ಷವೂ ಉಳಿಸಿಕೊಳ್ಳಲಿಲ್ಲ. ಹಾಫ್‌ಮನ್ ಕಳ್ಳರಲ್ಲ, ಆ ಹಡಗನ್ನು ಪ್ರೀತಿಸಿದವರು. ಪ್ರೀತಿಯೊಂದೇ ಸಾಲದು ಎಂಬುದು ಇಲ್ಲಿನ ಪಾಠ.

ಕಾನೂನೂ ಸ್ಪಷ್ಟವಾಗಿದೆ. ಅಮೆರಿಕದ 1987ರ ಪರಿತ್ಯಕ್ತ ಹಡಗುಗಳ ಕಾಯ್ದೆಯ ಪ್ರಕಾರ ರಾಜ್ಯದ ನೀರಿನ ತಳದಲ್ಲಿ ಹೂತಿರುವ ಹಾಗೂ ಐತಿಹಾಸಿಕ ಮಹತ್ವದ ಪರಿತ್ಯಕ್ತ ಹಡಗುಗಳು ಆಯಾ ರಾಜ್ಯದ ಸೊತ್ತು. ತಟ್ಟೆ ಎತ್ತಿಕೊಂಡರೂ ಅದು ಕಳವು. ಲಾಟೀನು ಕಂಡರೆ ಅದು ಇದ್ದಲ್ಲೇ ಚಿತ್ರ ತೆಗೆಯಿರಿ. ಯಾವ ಕೋಣೆಯಲ್ಲಿ, ಯಾವುದರ ಪಕ್ಕದಲ್ಲಿ ಇದೆ ಎಂಬುದರಿಂದಲೇ ಆ ಹಡಗಿನ ಕೊನೆಯ ಗಳಿಗೆಯನ್ನು ಪುರಾತತ್ವಜ್ಞರು ಓದುತ್ತಾರೆ. ಕಪಾಟಿನಲ್ಲಿಟ್ಟ ಲಾಟೀನು ಏನನ್ನೂ ಹೇಳುವುದಿಲ್ಲ.

ಪ್ರಶ್ನೆ: ಮಗಳ ಮನೆಗೆಂದು ಡೆಟ್ರಾಯಿಟ್‌ಗೆ ಬಂದಿದ್ದೇವೆ. ನಮಗಿಬ್ಬರಿಗೂ ಈಜು ಬಾರದು. ನಮಗೆ ಈ ಹಡಗುಗಳನ್ನು ನೋಡುವ ಯೋಗವಿಲ್ಲವೆ?
— ಹಾಸನದ ನಿವೃತ್ತ ದಂಪತಿ

ಉತ್ತರ: ಖಂಡಿತ ಇದೆ. ಮಿಷಿಗನ್ ರಾಜ್ಯದ ಅಲ್ಪೀನಾ ಊರಿಗೆ ಮಗಳ ಜೊತೆ ಹೋಗಿಬನ್ನಿ. 2000ರಲ್ಲಿ ಘೋಷಣೆಯಾದ ಥಂಡರ್ ಬೇ ರಾಷ್ಟ್ರೀಯ ಸಾಗರ ಅಭಯಧಾಮ ಅಲ್ಲಿದೆ. ಬೇಸಿಗೆಯಲ್ಲಿ ಗಾಜಿನ ತಳದ ದೋಣಿಯಲ್ಲಿ ಕೂತು, ಆಳವಿಲ್ಲದ ಕಡೆ ಮಲಗಿರುವ ಹಡಗುಗಳನ್ನು ಕಾಲಡಿಯಲ್ಲೇ ನೋಡಬಹುದು. ಅಭಯಧಾಮದ ವಸ್ತುಸಂಗ್ರಹಾಲಯಕ್ಕೆ ಪ್ರವೇಶಶುಲ್ಕವಿಲ್ಲ. ಇನ್ನೂ ಉತ್ತರಕ್ಕೆ, ವೈಟ್‌ಫಿಶ್ ಪಾಯಿಂಟ್‌ನ ಸಂಗ್ರಹಾಲಯದಲ್ಲಿ ಫಿಟ್ಜ್‌ಜೆರಾಲ್ಡ್ ಹಡಗಿನ ಗಂಟೆಯಿದೆ. ಮೃತರ ಕುಟುಂಬಗಳ ಕೋರಿಕೆಯಂತೆ 1995ರಲ್ಲಿ ಅದನ್ನು ಮೇಲೆ ತಂದು, ಅದರ ಜಾಗದಲ್ಲಿ 29 ಹೆಸರು ಕೆತ್ತಿದ ಹೊಸ ಗಂಟೆಯನ್ನು ಇಟ್ಟಿದ್ದಾರೆ.

ಪ್ರಶ್ನೆ: ಈ ಹಡಗುಗಳು ಇನ್ನೂ ಎಷ್ಟು ಕಾಲ ಹೀಗೇ ಇರುತ್ತವೆ?
— ಜೀವಶಾಸ್ತ್ರ ವಿದ್ಯಾರ್ಥಿ, ಆನ್ ಆರ್ಬರ್

ಉತ್ತರ: ಮೊದಲಿನಷ್ಟು ನಿಶ್ಚಿಂತೆಯಿಂದ ಉತ್ತರಿಸುವ ಹಾಗಿಲ್ಲ. ಕ್ಯಾಸ್ಪಿಯನ್ ಮತ್ತು ಕಪ್ಪುಸಮುದ್ರದ ಕಡೆಯ ಜೀಬ್ರಾ ಮತ್ತು ಕ್ವಾಗಾ ಎಂಬ ಚಿಪ್ಪುಜೀವಿಗಳು ಸರಕು ಹಡಗುಗಳು ಹೊತ್ತುತಂದ ನೀರಿನ ಮೂಲಕ 1980ರ ದಶಕದಲ್ಲಿ ಇಲ್ಲಿಗೆ ಬಂದು ಸೇರಿದವು. ಮಂಗಳೂರಿನವರು ತಿನ್ನುವ ಪಚ್ಚಿಲೆಯ ಹಾಗೆ ಗಟ್ಟಿ ಮೇಲ್ಮೈಗೆ ಕಚ್ಚಿಕೊಂಡು ಒಂದರ ಮೇಲೊಂದು ಬೆಳೆಯುತ್ತವೆ. ನೀರನ್ನು ಸೋಸುವುದರಿಂದ ನೋಟ ತಿಳಿಯಾಗಿದೆ, ಆದರೆ ನೋಡಬೇಕಾದ ಹಡಗೇ ಅವುಗಳಡಿ ಮುಚ್ಚಿಹೋಗುತ್ತಿದೆ. ಅವುಗಳ ಭಾರಕ್ಕೆ ಮರ ಜಗ್ಗುತ್ತದೆ, ಕಬ್ಬಿಣದ ಮೊಳೆಗಳ ತುಕ್ಕು ಹೆಚ್ಚುತ್ತದೆ. ಸುಪೀರಿಯರ್ ಸರೋವರದ ನೀರಿನಲ್ಲಿ ಚಿಪ್ಪು ಕಟ್ಟಲು ಬೇಕಾದ ಸುಣ್ಣದ ಅಂಶ ಕಡಿಮೆ. ಅಲ್ಲಿನ ಹಡಗುಗಳು ಬಹುಮಟ್ಟಿಗೆ ಪಾರಾಗಿವೆ.

ಹಳೆಯ ಉಪಕರಣ ಬಳಸುವ ನಮಗೆ ಇಲ್ಲೊಂದು ವಿಶೇಷ ಹೊಣೆಯಿದೆ. ಈ ಜೀವಿಗಳ ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ಒಂದು ಹನಿ ನೀರಿನಲ್ಲೂ ಸಾಗಿಹೋಗಬಲ್ಲವು. ನಮ್ಮ ಸುಕ್ಕುಗೊಳವೆಗಳ ಒಂದೊಂದು ಮಡಿಕೆಯಲ್ಲೂ ನೀರು ನಿಲ್ಲುತ್ತದೆ. ಆದ್ದರಿಂದ ಈ ಹವ್ಯಾಸಕ್ಕಿಳಿಯುವ ಪ್ರತಿಯೊಬ್ಬರಲ್ಲೂ ನನ್ನ ಕೋರಿಕೆ: ಒಂದು ಸರೋವರದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಕೊಳವೆಗಳನ್ನು ಬಿಚ್ಚಿ, ಬಿಸಿನೀರಿನಲ್ಲಿ ತೊಳೆದು, ತೂಗುಹಾಕಿ, ಪೂರ್ತಿ ಒಣಗಿಸಿ. ದೋಣಿಯನ್ನು ಅಲ್ಲಿರುವ ತೇಲುಬುರುಡೆಗೆ ಕಟ್ಟಿ, ಹಡಗಿನ ಮೇಲೆ ಲಂಗರು ಎಸೆಯಬೇಡಿ. ಏನನ್ನೂ ಎತ್ತಿಕೊಳ್ಳಬೇಡಿ. ರೆಗ್ಯುಲೇಟರ್ ಕೆಟ್ಟರೆ ಹೊಸ ಪೊರೆ ಹಾಕಿಸಬಹುದು. ಈ ಹಡಗುಗಳಿಗೆ ಬಿಡಿಭಾಗ ಸಿಗುವುದಿಲ್ಲ.